ಐದು ವಾರದ ಬೇಲಿ

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದೆ ಹಾಕುತ್ತಲೇ ಬಂದ ವಿಷಯ ಇದು. ಮೊನ್ನೆ ಊರಿಗೆ ಹೋದಾಗ ಅಮ್ಮ ಬೀರು ಖಾಲಿ ಮಾಡಿಸುತ್ತಿದ್ದಳು. ಹಳೇ ಪಂಚಾಂಗಗಳು, ಅಡಿಕೆ ಮಂಡಿಯ ಪಟ್ಟಿಗಳು, ಯಾರ್ಯಾರದೋ ಮದುವೆಯ ಕರೆಯೋಲೆಗಳು... ಎಲ್ಲದರ ಅಡಿಯಲ್ಲಿ ಒಂದು ದೊಡ್ಡ ಬಿಳಿ ಲಕೋಟೆ. ಒಳಗೆ ಅಪ್ಪನ ಎಂಆರ್‌ಐ ಫಿಲಮ್ಮು. ಅದರ ಜೊತೆ ಅರ್ಧ ಖಾಲಿಯಾದ ಒಂದು ಮಾತ್ರೆ ಶೀಟು. ಡೆಕ್ಸಾಮೆಥಸೋನ್.

"ಅದನ್ನ ಇನ್ನೂ ಇಟ್ಕೊಂಡು ಎಂತ ಮಾಡೂದು, ಬಿಸಾಕು" ಅಂದಳು ಅಮ್ಮ.

ಬಿಸಾಕುವ ಮುಂಚೆ ಒಂದು ಸಲ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಚಿತ್ರದಲ್ಲಿ ಎಡಗಿವಿಯ ಮೇಲುಗಡೆ ಬೆಳ್ಳಗೆ ಹೊಳೆಯುವ ಉಂಗುರ, ನಡುವೆ ಕಪ್ಪು. (ಫಿಲಮ್ಮಿನಲ್ಲಿ ಎಡ ಬಲ ಅದಲುಬದಲಾಗಿರುತ್ತೆ, ನೋಡಿದವರಿಗೆ ಬಲಗಡೆ ಅನ್ನಿಸುತ್ತೆ.) ಪಕ್ಕದ ಚಿತ್ರದಲ್ಲಿ ಅದೇ ಉಂಗುರದ ಸುತ್ತ ಉಂಗುರಕ್ಕಿಂತ ಎಷ್ಟೋ ದೊಡ್ಡದಾಗಿ ಹರಡಿಕೊಂಡ ಬಿಳಿ ಮೋಡ. ನಮ್ಮ ಗುಡ್ಡದ ಮೇಲೆ ಜುಲೈ ತಿಂಗಳಲ್ಲಿ ಕೂತಿರುತ್ತಲ್ಲ, ಹಾಗೆ.

ಆ ಉಂಗುರ ನನ್ನ ಅಪ್ಪನನ್ನು ಕರಕೊಂಡು ಹೋಯಿತು. ಆದರೆ ಈ ಬರಹ ಉಂಗುರದ್ದಲ್ಲ, ಮೋಡದ್ದು.

*

2019ರ ಜುಲೈ. ಫೋನಿನಲ್ಲಿ ಅಪ್ಪ "ಬಸ್ಸಿಗೆ ಔಷಧಿ ಹೊಡೆಸಾಯ್ತು" ಅಂದ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗಾಲದಲ್ಲಿ ಬೋರ್ಡೋ ಹೊಡೆಸ್ತಾರಲ್ಲ, ಅದು. ಅಡಿಕೆ ಅನ್ನೋ ಬದಲು ಬಸ್ಸು ಅಂದಿದ್ದ. ನಾನು ನಕ್ಕೆ. ಅಪ್ಪನೂ ನಕ್ಕ. ವಾರದಲ್ಲಿ ಕನ್ನಡಕಕ್ಕೆ ಕತ್ತಿ ಅಂದ, ಅಮ್ಮನಿಗೆ ತಮ್ಮನ ಹೆಸರು ಹೇಳಿ ಕರೆದ. ಆಮೇಲೆ ಬಲಗಾಲಿನ ಚಪ್ಪಲಿ ಕಾಲಲ್ಲಿ ನಿಲ್ಲದೆ ಜಾರತೊಡಗಿತು. ಆಗ ಯಾರೂ ನಗಲಿಲ್ಲ.

ಬೆಂಗಳೂರಿಗೆ ಕರಕೊಂಡು ಬರುವ ಹೊತ್ತಿಗೆ ಅಪ್ಪ ಮಾತಾಡುವುದನ್ನೇ ನಿಲ್ಲಿಸಿದ್ದ. ತಪ್ಪು ಪದ ಬರುತ್ತೆ ಅಂತ ಅವನಿಗೇ ಗೊತ್ತಾಗುತ್ತಿತ್ತು. ಬಾಯಿ ತೆರೆದು, ನಮ್ಮ ಮುಖ ನೋಡಿ, ಮುಚ್ಚಿಬಿಡುತ್ತಿದ್ದ. 71 ವರ್ಷದ ಗಂಡಸು, ಪಂಚಾಯ್ತಿಗೆಲ್ಲ ಕೂತು ಮಾತಾಡಿ ಬಂದವನು.

ಡಾಕ್ಟರು ಇದೇ ಫಿಲಮ್ಮನ್ನು ದೀಪದ ಮುಂದೆ ಸಿಕ್ಕಿಸಿ ಹೇಳಿದರು: "ಗಡ್ಡೆ ಇಷ್ಟೇ. ಆದ್ರೆ ನೋಡಿ, ಸುತ್ತ ಎಷ್ಟು ನೀರು ತುಂಬಿದೆ. ಸದ್ಯಕ್ಕೆ ತೊಂದ್ರೆ ಕೊಡ್ತಿರೋದು ಗಡ್ಡೆಗಿಂತ ಈ ನೀರೇ." ಆ ರಾತ್ರಿ ಒಂದು ಇಂಜೆಕ್ಷನ್. ಆಮೇಲೆ ಆರು ಗಂಟೆಗೊಂದು.

ಮೂರನೇ ದಿನ ಬೆಳಿಗ್ಗೆ ನಾನು ಪ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅಪ್ಪ ಒಂದು ಗುಟುಕು ಕುಡಿದು ಮುಖ ಗಂಟಿಕ್ಕಿ ಅಂದ: "ಇದಕ್ಕೆ ಸಕ್ಕರೆ ಹಾಕಿದ್ಯನೇ ಕೂಸೇ, ಇಲ್ಲ ಬರೀ ತೋರಿಸಿದ್ಯಾ?"

ಪೂರ್ತಿ ವಾಕ್ಯ! ಒಂದು ಪದವೂ ತಪ್ಪಿಲ್ಲ. ಜೊತೆಗೆ ಕೊಂಕು ಬೇರೆ :)

ಅಮ್ಮ ಅತ್ತಳು. ತಮ್ಮ ಹೊರಗೆ ಹೋಗಿ ಎಲ್ಲರಿಗೂ ಫೋನ್ ಮಾಡಿದ, ಗುಣ ಆಗ್ತಾ ಇದೆ ಅಂತ. ನಾನೂ ಹಾಗೇ ಅಂದುಕೊಂಡೆ. ಡಾಕ್ಟರು ಬಂದಾಗ ಕೇಳಿದೆ, ಗಡ್ಡೆ ಕರಗಿತಾ ಸಾರ್ ಅಂತ. "ಇಲ್ಲಮ್ಮಾ, ಗಡ್ಡೆ ಅಷ್ಟೇ ಇದೆ. ಸೋರ್ತಿದ್ದ ರಕ್ತನಾಳ ಸ್ವಲ್ಪ ಮುಚ್ಚಿಕೊಂಡಿದೆ" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮೂರು ದಿನದ ಹಿಂದೆ ಹೆಂಡತಿಯ ಹೆಸರು ಗೊತ್ತಿಲ್ಲದವನು ಇವತ್ತು ಸಕ್ಕರೆಗೆ ಜಗಳ ಆಡ್ತಿದಾನೆ. ಗಡ್ಡೆ ಇದ್ದಲ್ಲೇ ಇದೆ. ಹಾಗಾದ್ರೆ ಆ ಮಾತ್ರೆ ಏನು ಹೇಳಿತು, ಯಾರಿಗೆ ಹೇಳಿತು?

*

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇರೋಳು. ಆದ್ರೆ ಒಂದು ಕಾಲದಲ್ಲಿ ಬಯೋಕೆಮಿಸ್ಟ್ರಿ ಓದಬೇಕಿತ್ತು (ಆ ಕಥೆ ಮುಂದೆ ಬರುತ್ತೆ). ಆಸ್ಪತ್ರೆಯ ರಾತ್ರಿಗಳಲ್ಲಿ ಮೊಬೈಲಿನಲ್ಲಿ ಓದುತ್ತಾ ಹೋದೆ. ಆಗ ಅರ್ಥ ಆದದ್ದನ್ನ, ಆಮೇಲೆ ಇಷ್ಟು ವರ್ಷದಲ್ಲಿ ಓದಿಕೊಂಡದ್ದನ್ನ ಸೇರಿಸಿ ಹೇಳ್ತೀನಿ.

ಸೊಳ್ಳೆ ಕಚ್ಚಿದಲ್ಲಿ ಊದಿಕೊಳ್ಳುತ್ತಲ್ಲ, ಯಾಕೆ? ಅಲ್ಲಿನ ಕೆಲವು ಕೋಶಗಳು ಹಿಸ್ಟಮಿನ್ ಅನ್ನೋ ರಾಸಾಯನಿಕವನ್ನು ಬಿಡುತ್ತವೆ. ಹತ್ತಿರದ ಸಣ್ಣ ರಕ್ತನಾಳಗಳಿಗೆ ಅದು ಒಂದು ಸೂಚನೆ, 'ಸ್ವಲ್ಪ ಸಡಿಲ ಬಿಡಿ' ಅಂತ. ನಾಳದ ಗೋಡೆಯ ಕೋಶಗಳು ಒಂದರಿಂದೊಂದು ಸರಿದು ಸಂದಿ ಬಿಡುತ್ತವೆ, ರಕ್ತದ ನೀರಿನಂಶ ಹೊರಗೆ ಬರುತ್ತೆ. ಅದೇ ಊತ. ಚರ್ಮಕ್ಕೆ ಜಾಗ ಇದೆ, ಊದಿ ಇಳಿಯುತ್ತೆ. ಮೆದುಳು ಇರೋದು ತಲೆಬುರುಡೆಯ ಡಬ್ಬಿಯೊಳಗೆ. ಅಲ್ಲಿ ಊದಿದರೆ ಹೋಗೋಕೆ ಜಾಗವೇ ಇಲ್ಲ. ಒತ್ತಡ ಮೆದುಳಿನ ಮೇಲೇ ಬೀಳುತ್ತೆ.

ಅದಕ್ಕೇ ಇರಬೇಕು, ಮೆದುಳಿನ ರಕ್ತನಾಳಗಳು ಮೈಯ ಬೇರೆ ನಾಳಗಳ ಹಾಗಿಲ್ಲ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದ್ದ. ಎಲ್ಲ ಅಂಗಕ್ಕೂ ಬಣ್ಣ ಹತ್ತಿತು, ಮೆದುಳಿಗೆ ಮಾತ್ರ ಇಲ್ಲ. ಮೆದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲ ಅಂದುಕೊಂಡ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನೇ ತಿರುಗಿಸಿ ಮಾಡಿದ. ಬಣ್ಣವನ್ನು ರಕ್ತಕ್ಕಲ್ಲ, ಮೆದುಳಿನ ಸುತ್ತ ಇರುವ ದ್ರವಕ್ಕೆ ಹಾಕಿದ. ಈಗ ಮೆದುಳಿಗೆ ಚೆನ್ನಾಗೇ ಬಣ್ಣ ಹತ್ತಿತು, ಉಳಿದ ಮೈಗೆ ಇಲ್ಲ! ಅಂದ್ರೆ ನಡುವೆ ಏನೋ ಒಂದು ತಡೆ ಇದೆ. ಅದು ಎಲ್ಲಿದೆ ಅಂತ ಕಣ್ಣಿಗೆ ಕಂಡಿದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್‌ಸ್ಕಿ ಅನ್ನೋ ಇಬ್ಬರು ಹಾರ್ವರ್ಡ್‌ನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ. ರಕ್ತನಾಳದ ಒಳಗೋಡೆಯ ಕೋಶಗಳು ಅಕ್ಕಪಕ್ಕದಲ್ಲಿ ಎಷ್ಟು ಬಿಗಿಯಾಗಿ ಬೆಸೆದುಕೊಂಡಿವೆ ಅಂದ್ರೆ ಅವರು ಹಾಕಿದ್ದ ಕಿಣ್ವ ಆ ಬೆಸುಗೆಯ ಹತ್ತಿರ ಬಂದು ನಿಂತುಬಿಟ್ಟಿತ್ತು.

ಆ ಬೆಸುಗೆ ಹಾಕುವ ಪ್ರೋಟೀನುಗಳಿಗೆ ಆಕ್ಲೂಡಿನ್, ಕ್ಲಾಡಿನ್ ಅಂತ ಹೆಸರು. ಎರಡನ್ನೂ ಪತ್ತೆ ಮಾಡಿದ್ದು ಜಪಾನಿನಲ್ಲಿ, 1993 ಮತ್ತು 1998ರಲ್ಲಿ. 2003ರಲ್ಲಿ ಅವರೇ ಕ್ಲಾಡಿನ್-5 ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿದರು. ಸಣ್ಣ ಅಣುಗಳು ಮೆದುಳಿಗೆ ಸೋರತೊಡಗಿದವು, ಮರಿಗಳು ಹುಟ್ಟಿದ ದಿನವೇ ಸತ್ತವು.

ಇಷ್ಟು ಬಿಗಿ ಯಾಕೆ ಬೇಕು? ನರಕೋಶಗಳು ಪೊಟ್ಯಾಸಿಯಂ, ಗ್ಲುಟಮೇಟ್ ಇಂಥವುಗಳ ಸಣ್ಣ ಸಣ್ಣ ಏರಿಳಿತದಲ್ಲೇ ಒಂದಕ್ಕೊಂದು ಮಾತಾಡಿಕೊಳ್ಳೋದು. ನಾವು ಒಂದು ಊಟ ಮಾಡಿದ್ರೆ ರಕ್ತದಲ್ಲಿ ಇವೆಲ್ಲ ಮೇಲೆ ಕೆಳಗೆ ಆಗ್ತವೆ. ಅದು ನೇರ ಒಳಗೆ ಹೋದ್ರೆ, ಸಂತೆಯ ನಡುವೆ ನಿಂತು ಗುಟ್ಟು ಹೇಳಿದ ಹಾಗೆ.

ಹಾಗಂತ ಪೂರ್ತಿ ಮುಚ್ಚಿದ ಗೋಡೆಯೂ ಅಲ್ಲ. ನಮ್ಮ ಕಡೆ ತೋಟದ ಬೇಲಿಗೆ ದಣಪೆ ಅಂತ ಇರುತ್ತೆ. ಎರಡು ಕಂಬಕ್ಕೆ ತೂತು ಕೊರೆದು ಅಡ್ಡಡ್ಡ ಬಿದಿರು ಗಳ ತೂರಿಸಿರ್ತಾರೆ. ಗಳ ಸರಿಸಿ ಮನುಷ್ಯರು ದಾಟಬಹುದು, ದನ ದಾಟೋಕಾಗಲ್ಲ. ಇಲ್ಲೂ ಹಾಗೇ. ಆಮ್ಲಜನಕ, ಕಾಫಿಯ ಕೆಫೀನು ಸಲೀಸಾಗಿ ಒಳಗೆ. ಸಕ್ಕರೆಗೆ ಬೇರೆ ಬಾಗಿಲು. ನೆಗಡಿಗೆ ಎವಿಲ್ ನುಂಗಿ ಆಫೀಸಿನಲ್ಲಿ ತೂಕಡಿಸಿದೀರಾ? ಅದು ಒಳಗೆ ನುಗ್ಗುತ್ತೆ. ಅದೇ ಕೆಲಸದ ಹೊಸ ಮಾತ್ರೆಗಳು ಒಳಗೆ ಹೋಗೋದು ಕಡಿಮೆ, ಹೋದಷ್ಟನ್ನೂ ಬಾಗಿಲಲ್ಲಿರುವ ಒಂದು ಪಂಪು ಹಿಡಿದು ವಾಪಸ್ ತಳ್ಳುತ್ತೆ. ಭೇದಿಗೆ ಕೊಡುವ ಲೋಪೆರಮೈಡ್ ನಿಜವಾಗಿ ಅಫೀಮಿನ ಥರದ್ದೇ ಔಷಧಿ, ಆ ಪಂಪಿನ ದೆಸೆಯಿಂದ ನಮಗೆ ಅಮಲೇರೋದಿಲ್ಲ. ಇನ್ನೊಂದು ತಮಾಷೆ ಅಂದ್ರೆ ಮೆದುಳಿನ ಬುಡದಲ್ಲಿ ಬೇಲಿ ಇಲ್ಲದ ಒಂದು ಪುಟ್ಟ ಜಾಗ ಬೇಕಂತಲೇ ಇದೆ. ರಕ್ತದಲ್ಲಿ ವಿಷ ಸೇರಿದೆಯಾ ಅಂತ ಅದು ರುಚಿ ನೋಡುತ್ತೆ, ಇದ್ರೆ ವಾಂತಿ ಮಾಡಿಸುತ್ತೆ.

*

ಇಲ್ಲಿವರೆಗೆ ಓದಿದಾಗ ನಾನು ಅಂದುಕೊಂಡಿದ್ದು, ಮೆದುಳಿನ ರಕ್ತನಾಳಗಳು ಹುಟ್ಟಾ ಬಿಗಿ, ಅವುಗಳ ಜಾತಿಯೇ ಹಾಗೆ ಅಂತ. ಹಾಗಲ್ಲ ಅಂತ ತೋರಿಸಿದ ಒಂದು ಪ್ರಯೋಗ ಇದೆ. ನನಗೆ ಇದೆಲ್ಲದರಲ್ಲಿ ಬಹಳ ಇಷ್ಟವಾದದ್ದು ಅದೇ.

1981, ಕೆನಡಾದ ಟೊರೊಂಟೊ. ಸ್ಟುವರ್ಟ್ ಮತ್ತು ವೈಲಿ ಅನ್ನುವವರು ಲಾವಕ್ಕಿಯ ಭ್ರೂಣದಿಂದ ಮೆದುಳಿನ ಚೂರು ತೆಗೆದು (ಅದರಲ್ಲಿನ್ನೂ ರಕ್ತನಾಳ ಹುಟ್ಟಿರಲಿಲ್ಲ) ಕೋಳಿಯ ಭ್ರೂಣದ ಹೊಟ್ಟೆಯೊಳಗೆ ನೆಟ್ಟರು. ಹೊಟ್ಟೆಯ ರಕ್ತನಾಳಗಳು ಆ ಚೂರಿನೊಳಗೆ ಬೆಳೆದವು. ಹೊಟ್ಟೆಯ ನಾಳ ಅಂದ್ರೆ ಸೋರುವ ಜಾತಿ. ಆದರೆ ಮೆದುಳಿನ ಚೂರಿನೊಳಗೆ ಹೋದ ಮೇಲೆ ಅವು ಬಿಗಿಯಾದವು! ಬಣ್ಣ ಚುಚ್ಚಿದರೆ ಹೊರಗೆ ಬರಲಿಲ್ಲ. ಮೆದುಳಿನಲ್ಲದ ಅಂಗಾಂಶವನ್ನು ಮೆದುಳಿನಲ್ಲಿ ನೆಟ್ಟಾಗ ಉಲ್ಟಾ. ಅದರೊಳಗೆ ಬೆಳೆದ ಮೆದುಳಿನ ನಾಳಗಳು ಸೋರತೊಡಗಿದವು.

ಅಂದ್ರೆ ಬಿಗಿತನ ನಾಳದ ಹುಟ್ಟುಗುಣ ಅಲ್ಲ. ಅದು ನೆರೆಹೊರೆಯವರು ಹೇಳಿಕೊಟ್ಟದ್ದು. ಏನು ಹೇಳಿಕೊಡ್ತಾರೆ ಅನ್ನೋದರ ಒಂದು ಭಾಗ 2008ರ ಸುಮಾರಿಗೆ ಗೊತ್ತಾಯಿತು. ಮೆದುಳಿನ ಕೋಶಗಳು ವಿಂಟ್ ಅನ್ನುವ ಗುಂಪಿನ ಪ್ರೋಟೀನುಗಳನ್ನು ಬಿಡುತ್ತವೆ, ಅದನ್ನು ಕೇಳಿಸಿಕೊಂಡ ರಕ್ತನಾಳ ಬೆಸುಗೆ ಹಾಕಿಕೊಳ್ಳುತ್ತೆ. ನಾಳವನ್ನು ತಬ್ಬಿಕೊಂಡಿರುವ ಪೆರಿಸೈಟ್ ಅನ್ನುವ ಕೋಶಗಳೂ ಬೇಕು ಅಂತ 2010ರಲ್ಲಿ ತಿಳಿಯಿತು. ಭ್ರೂಣದಲ್ಲಿ ಒಂದು ಸಲ ಹೇಳಿದರೆ ಮುಗಿಯಲಿಲ್ಲ, ದೊಡ್ಡವರಾದ ಮೇಲೂ ಈ ಮಾತು ನಡೀತಲೇ ಇರಬೇಕು. ನಿಂತರೆ ಬೇಲಿ ಸಡಿಲ.

ಅಪ್ಪ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಬೇಲಿಗೆ ಆಳು ಹಚ್ಚುತ್ತಿದ್ದ. ಚಿಕ್ಕವಳಿದ್ದಾಗ ಕೇಳಿದ್ದೆ, ಹೋದ ವರ್ಷ ಕಟ್ಟಿದ್ದಲ್ಲ ಮತ್ಯಾಕೆ ಅಂತ. "ಬೇಲಿ ಅಂದ್ರೆ ಒಂದ್ಸಲ ಕಟ್ಟಿ ಮುಗಿಯೂದಲ್ಲ ಕೂಸೇ. ಕಟ್ತಾನೇ ಇರೂದು" ಅಂದಿದ್ದ.

*

ಈಗ ಆ ಗಡ್ಡೆಗೆ ಬರೋಣ. ಬಯಾಪ್ಸಿಯಲ್ಲಿ ಗ್ಲಯೋಬ್ಲಾಸ್ಟೋಮಾ ಅಂತ ಬಂತು. ಮೆದುಳಿನ ಕ್ಯಾನ್ಸರುಗಳಲ್ಲಿ ಅತಿ ಕೆಟ್ಟದ್ದು. ಅದು ಎಷ್ಟು ಬೇಗ ಬೆಳೆಯುತ್ತೆ ಅಂದ್ರೆ ಅದರ ಹೊಟ್ಟೆಗೇ ರಕ್ತ ಸಾಲೋದಿಲ್ಲ, ನಡುವಿನ ಕೋಶಗಳು ಉಸಿರಿಲ್ಲದೆ ಸಾಯ್ತವೆ. ಫಿಲಮ್ಮಿನಲ್ಲಿ ಉಂಗುರದ ನಡುವಿನ ಕಪ್ಪು ಅದೇ. ಉಸಿರು ಕಟ್ಟಿದ ಕೋಶಗಳು ರಕ್ತ ಬೇಕು, ರಕ್ತ ಬೇಕು ಅಂತ ಕೂಗುತ್ತವೆ. ಆ ಕೂಗಿನ ಹೆಸರು ವಿಇಜಿಎಫ್.

ಇದನ್ನು ಮೊದಲು ಕಂಡವರು ಬಾಸ್ಟನ್ನಿನ ಡೋನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತವರ ಜೊತೆಯವರು, 1983ರಲ್ಲಿ. ಗಿನಿಪಿಗ್‌ಗಳ ಗಡ್ಡೆಯ ಸುತ್ತ ಯಾಕಿಷ್ಟು ನೀರು ತುಂಬುತ್ತೆ ಅಂತ ಹುಡುಕುತ್ತಿದ್ದರು. ಗಡ್ಡೆಯೇ ಒಂದು ಪ್ರೋಟೀನು ಬಿಟ್ಟು ರಕ್ತನಾಳಗಳನ್ನು ಸೋರಿಸುತ್ತಿತ್ತು. ಹಿಸ್ಟಮಿನ್‌ಗಿಂತ ಸುಮಾರು 50,000 ಪಟ್ಟು ಬಲಶಾಲಿ ಅಂತ ಅವರು ಲೆಕ್ಕ ಹಾಕಿದರು. ನಾಳ ಸೋರಿಸುವ ವಸ್ತು ಅಂತಲೇ ಹೆಸರಿಟ್ಟರು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಪೋಲಿಯೋನ್ ಫೆರಾರಾ ಹೊಸ ರಕ್ತನಾಳ ಬೆಳೆಸುವ ಒಂದು ಪ್ರೋಟೀನು ಹುಡುಕಿ ಅದಕ್ಕೆ ವಿಇಜಿಎಫ್ ಅಂದರು. ನೋಡಿದರೆ ಎರಡೂ ಒಂದೇ!

ಆ ಕೂಗು ಕೇಳಿದ ರಕ್ತನಾಳ ಕೊಂಬೆ ಒಡೆಯೋಕೆ ಶುರುಮಾಡುತ್ತೆ. ಕೊಂಬೆ ಒಡೀಬೇಕು ಅಂದ್ರೆ ಕೈ ಕೈ ಹಿಡಿದು ನಿಂತ ಕೋಶಗಳು ಕೈ ಬಿಡಬೇಕಲ್ಲ. ಆಕ್ಲೂಡಿನ್, ಕ್ಲಾಡಿನ್‌ಗಳು ಬೆಸುಗೆಯಿಂದ ಜಾರುತ್ತವೆ, ಹೊಸದಾಗಿ ತಯಾರಾಗೋದೂ ಕಡಿಮೆಯಾಗುತ್ತೆ. ರಕ್ತದ ಪ್ರೋಟೀನು ಹೊರಬರುತ್ತೆ, ಅದರ ಹಿಂದೆ ನೀರು. ಎಂಆರ್‌ಐಗೆ ಮುಂಚೆ ಕೈಗೆ ಗ್ಯಾಡೋಲಿನಿಯಂ ಅಂತ ಚುಚ್ಚಿದ್ದರು. ಅದು ಬೇಲಿ ಗಟ್ಟಿ ಇರುವಲ್ಲಿ ಮೆದುಳಿಗೆ ಹೋಗೋದಿಲ್ಲ, ಮುರಿದಲ್ಲಿ ಮಾತ್ರ ಸೋರುತ್ತೆ. ಹಾಗಾಗಿ ಆ ಹೊಳೆಯುವ ಉಂಗುರ ಅಂದ್ರೆ ಬೇಲಿ ಮುರಿದ ಜಾಗದ ನಕ್ಷೆ. ಮೋಡ ಅಂದ್ರೆ ಅಲ್ಲಿಂದ ಒಳಗೆ ನುಗ್ಗಿ ನರದ ಎಳೆಗಳ ನಡುವೆ ಹರಡಿದ ನೀರು.

ಅಪ್ಪನ ಪದಗಳು ಸತ್ತಿರಲಿಲ್ಲ. ನೆರೆಯಲ್ಲಿ ನಿಂತಿದ್ದವು, ಅಷ್ಟೇ.

ಡೆಕ್ಸಾಮೆಥಸೋನ್ ಮಾಡಿದ್ದು ಈ ಕೂಗಿಗೆ ಎದುರಾಗಿ ಇನ್ನೊಂದು ಮಾತು ಹೇಳೋದು. 1961ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಗ್ಯಾಲಿಸಿಚ್ ಮತ್ತು ಫ್ರೆಂಚ್ ಇದನ್ನು ಮೆದುಳಿನ ಗಡ್ಡೆಯ ಊತಕ್ಕೆ ಮೊದಲು ಕೊಟ್ಟು ನೋಡಿ ಬರೆದರು. ಇವತ್ತಿಗೂ ಅದೇ ಮೊದಲ ಔಷಧಿ. ಅದು ಬೇಲಿ ದಾಟಬಲ್ಲ ಸಣ್ಣ, ಜಿಡ್ಡಿನ ಅಣು. ರಕ್ತನಾಳದ ಕೋಶದೊಳಗೆ ಹೋಗಿ, ಒಂದು ಗ್ರಾಹಕವನ್ನು ಹಿಡಿದುಕೊಂಡು, ಕೋಶದ ಕೇಂದ್ರಕ್ಕೇ ಇಳಿದು ಯಾವ ಜೀನು ಓದಬೇಕು, ಯಾವುದು ಬೇಡ ಅಂತ ಬದಲಾಯಿಸುತ್ತೆ. ಬೆಸುಗೆಯ ಪ್ರೋಟೀನು ಹೆಚ್ಚಾಗುತ್ತೆ. ಗಡ್ಡೆ ಕೂಗೋದು ಕೂಡ ಸ್ವಲ್ಪ ತಗ್ಗುತ್ತೆ. ಒಂದೆರಡು ದಿನದಲ್ಲಿ ನೆರೆ ಇಳಿಯುತ್ತೆ. (2020ರ ಜೂನಿನಲ್ಲಿ ಬ್ರಿಟನ್ನಿನ ಅಧ್ಯಯನವೊಂದರಿಂದ ಇದು ಕೊರೋನಾಗೂ ಕೆಲಸ ಮಾಡುತ್ತೆ ಅಂತ ಗೊತ್ತಾಗಿ ಟಿವಿಯಲ್ಲೆಲ್ಲ ಹೆಸರು ಬಂತಲ್ಲ, ಅದೇ. ಅವತ್ತು ನ್ಯೂಸ್ ನೋಡುತ್ತಾ ಅಮ್ಮ ಎದ್ದು ಒಳಗೆ ಹೋದಳು.)

*

ಮಾತು ವಾಪಸ್ ಬಂದದ್ದರಿಂದ ಡಾಕ್ಟರು ನಮ್ಮನ್ನು ಕೇಳುವ ಬದಲು ಅಪ್ಪನನ್ನೇ ಕೇಳಿದರು. ರೇಡಿಯೇಷನ್ ಕೊಟ್ಟರೆ ಕೆಲವು ತಿಂಗಳು ಹೆಚ್ಚು ಸಿಗಬಹುದು, ಗುಣ ಆಗೋದಿಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡು "ಬ್ಯಾಡ. ಮನೆಗೆ ಹೋಗ್ತೆ" ಅಂದ.

ತಮ್ಮನಿಗೂ ನನಗೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದೊಡ್ಡ ಜಗಳ. "ಇದು ಅಪ್ಪ ಹೇಳ್ತಿರೋದಲ್ಲ, ಆ ಮಾತ್ರೆ ಹೇಳಿಸ್ತಿರೋದು. ಸ್ಟಿರಾಯ್ಡು ತಗೊಂಡೋರಿಗೆ ಎಲ್ಲಾ ಸಲೀಸು ಅನ್ಸುತ್ತಂತೆ" ಅಂದ ಅವನು. ಸುಳ್ಳೇನಲ್ಲ. ಈ ಮಾತ್ರೆಯಿಂದ ಹಸಿವು ಹೆಚ್ಚುತ್ತೆ, ನಿದ್ದೆ ಹೋಗುತ್ತೆ, ಶುಗರ್ ಏರುತ್ತೆ, ಕೆಲವರಿಗೆ ವಿಪರೀತ ಹುರುಪು ಬರುತ್ತೆ. ಹಾಗಾದ್ರೆ ಮಾತ್ರೆ ಇಲ್ಲದಾಗಿನ ಅಪ್ಪನನ್ನ ಕೇಳೋಣ ಅಂದ್ರೆ ಅವನಿಗೆ ಬಾಯೇ ಇಲ್ಲ! ಯಾವ ಅಪ್ಪನ ಮಾತು ಕೇಳಬೇಕು? ಕೊನೆಗೆ ಮಾತಾಡುವ ಅಪ್ಪನ ಮಾತನ್ನೇ ಕೇಳಿದೆವು.

ಆ ವರ್ಷ ಆಗಸ್ಟಿನಲ್ಲಿ ಮಲೆನಾಡೆಲ್ಲ ನೆರೆ. ನೀರು ಇಳಿದ ಮೇಲೆ ಹೊರಟೆವು. ಮನೆಗೆ ಬಂದ ಅಪ್ಪ ಎರಡಾಳಿನಷ್ಟು ಉಣ್ಣುತ್ತಿದ್ದ. ಮುಖ ದುಂಡಗಾಯಿತು. ಕೊಡೆ ಹಿಡಿದು ತೋಟದ ತುದಿವರೆಗೆ ಹೋಗಿ ಕೊಳೆ ಬಂದ ಮರ ಎಣಿಸಿ ಬಂದ. ರಾತ್ರಿ ನಿದ್ದೆ ಇಲ್ಲ. ನಾನು ರಜ ಹಾಕಿ ಅಲ್ಲೇ ಇದ್ದೆ. ಎರಡು ಗಂಟೆಗೆ, ಮೂರು ಗಂಟೆಗೆ ಜಗಲಿಯಲ್ಲಿ ಕೂತು ಮಾತು, ಮಾತು. ಜನ್ಮದಲ್ಲಿ ಅಷ್ಟು ಮಾತಾಡಿದವನಲ್ಲ ನನ್ನ ಹತ್ತಿರ.

ಒಂದು ರಾತ್ರಿ ಇದ್ದಕ್ಕಿದ್ದಂತೆ ಅಂದ: "ಆವತ್ತು ದುಡ್ಡಿತ್ತು ಕೂಸೇ."

ನನಗೆ ಯಾವತ್ತು ಅಂತ ಕೇಳಬೇಕಾಗಲಿಲ್ಲ. 2001. ಮೈಸೂರಿನಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿಗೆ ಸೀಟು ಸಿಕ್ಕಿತ್ತು ನನಗೆ. ಅಡಿಕೆ ರೇಟು ಬಿದ್ದುಹೋಗಿದೆ, ದುಡ್ಡಿಲ್ಲ ಅಂದಿದ್ದ ಅಪ್ಪ. ರೇಟು ಬಿದ್ದದ್ದು ಹೌದು, ಊರಿಗೆಲ್ಲ ಗೊತ್ತಿತ್ತು. ನಾನು ಅತ್ತು, ಸುಮ್ಮನಾಗಿ, ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೋರ್ಸು ಮಾಡಿ ಬೆಂಗಳೂರು ಸೇರಿದೆ. ಹದಿನೆಂಟು ವರ್ಷ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ.

"ಮಂಡಿಲಿ ಇತ್ತು ದುಡ್ಡು. ನೀ ಹೋದ್ರೆ ಓದಿ ಓದಿ ದೂರ ಹೋಗ್ತೆ, ಬರೂದಿಲ್ಲೆ ಅಂತ ಹೆದರಿಕೆ ಆತು. ಸುಳ್ಳು ಹೇಳ್ದೆ."

ಹೊರಗೆ ಮಳೆ. ನಾನು ಏನೂ ಹೇಳಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಅವಲಕ್ಕಿ ಇದ್ಯಾ ಅಂತ ಕೇಳಿದ. ಹಾಕಿಕೊಟ್ಟೆ.

ನೀವು ನಗಬಹುದು, ಮಾರನೇ ದಿನ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಮೊಬೈಲಿನಲ್ಲಿ ಡೆಕ್ಸಾಮೆಥಸೋನ್ ಅಡ್ಡಪರಿಣಾಮ ಅಂತ ಹುಡುಕಿದ್ದು. ಹುರುಪು, ಮಾತು, ಗೊಂದಲ, ಕೆಲವೊಮ್ಮೆ ಇಲ್ಲದ್ದನ್ನು ಇದೆ ಅಂದುಕೊಳ್ಳೋದು... ಎಲ್ಲ ಅದರಲ್ಲಿತ್ತು. ತಮ್ಮ ಹೇಳಿದ್ದೂ ನೆನಪಾಯಿತು. ಹದಿನೆಂಟು ವರ್ಷ ನಾನು ಕೇಳಬೇಕು ಅಂದುಕೊಂಡಿದ್ದ ಮಾತು ಬಂದಿದೆ. ಅದು ಅಪ್ಪನದೋ ಮಾತ್ರೆಯದೋ? ಮತ್ತೆ ಕೇಳೋಣ ಅಂದುಕೊಂಡೆ. ನಾಳೆ, ನಾಳೆ ಅಂತ ಮುಂದೆ ಹಾಕಿದೆ.

ಚೌತಿಗೆ ಅಪ್ಪನೇ ಗಣಪತಿ ಕೂರಿಸಿದ. ಅದಾಗಿ ಮೂರ್ನಾಲ್ಕು ದಿನಕ್ಕೆ ಚಕ್ಕುಲಿಗೆ ಚಪ್ಪಲಿ ಅಂದ. ಅಮ್ಮ ನನ್ನ ಮುಖ ನೋಡಿದಳು.

ಡೋಸು ಹೆಚ್ಚಿಸಿದರು. ಒಂದು ವಾರ ಸ್ವಲ್ಪ ಗೆಲುವು, ಮತ್ತೆ ಅದೇ. ಗಡ್ಡೆ ಕೂಗುತ್ತಲೇ ಇತ್ತಲ್ಲ, ದೊಡ್ಡದಾದಷ್ಟೂ ಗಂಟಲು ದೊಡ್ಡದು. ವಿಇಜಿಎಫ್ ಅನ್ನೇ ಹಿಡಿದು ಕಟ್ಟಿಹಾಕುವ ಬೆವಾಸಿಜುಮಾಬ್ ಅನ್ನೋ ಔಷಧಿ ಇದೆ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಮರುಕಳಿಸಿದ ಗ್ಲಯೋಬ್ಲಾಸ್ಟೋಮಾಕ್ಕೆ ಅಮೆರಿಕದಲ್ಲಿ 2009ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದು ಸೋರಿಕೆಯನ್ನು ಚೆನ್ನಾಗಿ ತಡೆಯುತ್ತೆ, ಸ್ಕ್ಯಾನ್ ನೋಡಿದರೆ ಗಡ್ಡೆಯೇ ಹೋಯಿತೇನೋ ಅನ್ನಬೇಕು. ಆದರೆ 2014ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ, ರೋಗ ಗೊತ್ತಾದ ಕೂಡಲೇ ಇದನ್ನೂ ಸೇರಿಸಿ ಕೊಟ್ಟವರು ಉಳಿದವರಿಗಿಂತ ಹೆಚ್ಚು ದಿನವೇನೂ ಬದುಕಿರಲಿಲ್ಲ. ಬೇಲಿ ಸರಿಮಾಡುವುದು ಬೇರೆ, ಒಳಗೆ ಸೇರಿಕೊಂಡದ್ದನ್ನು ಓಡಿಸುವುದು ಬೇರೆ. ಇನ್ನೊಂದು ಕಷ್ಟವೂ ಇದೆ. ಗಡ್ಡೆಯ ಅಂಚಿನಲ್ಲಿ ಬೇಲಿ ಗಟ್ಟಿಯಿರುವಲ್ಲೂ ಕ್ಯಾನ್ಸರ್ ಕೋಶಗಳು ಹರಡಿರುತ್ತವೆ, ಅಲ್ಲಿಗೆ ಬಹಳ ಔಷಧಿಗಳು ಹೋಗೋದೇ ಇಲ್ಲ. ಹಾಗಾಗಿ ಕೆಲವು ವಿಜ್ಞಾನಿಗಳು ಬೇಲಿ ಮುಚ್ಚೋದಕ್ಕಲ್ಲ, ಶಬ್ದದ ಅಲೆಯಿಂದ ಸ್ವಲ್ಪ ಹೊತ್ತು ತೆರೆಯೋದಕ್ಕೆ ಪ್ರಯತ್ನಿಸ್ತಿದಾರೆ. ನಾವು ಬೆವಾಸಿಜುಮಾಬ್ ಕೊಡಿಸಲಿಲ್ಲ. ಅಪ್ಪ ಬೇಡ ಅಂದಿದ್ದು ಬೇಡವೇ ಆಗಿರಲಿ ಅಂತ.

ಆಮೇಲೆ ಅಪ್ಪ ನಿದ್ದೆ ಮಾಡಿದ. ಅಷ್ಟು ದಿನ ಬಾಕಿ ಇಟ್ಟಿದ್ದ ನಿದ್ದೆಯೆಲ್ಲ. ದೀಪಾವಳಿಗೆ ಹತ್ತು ದಿನ ಇರುವಾಗ ಹೋದ. ಅಡಿಕೆ ಕೊಯ್ಲು ಶುರುವಾಗಿರಲಿಲ್ಲ.

*

ಮೊನ್ನೆ ಆ ಫಿಲಮ್ಮು ಹಿಡಿದು ನಿಂತಾಗ, ಇಷ್ಟು ವರ್ಷ ಕೇಳದೆ ಇದ್ದದ್ದನ್ನ ಅಮ್ಮನ ಹತ್ತಿರ ಕೇಳಿದೆ. "2001ರಲ್ಲಿ ನಾ ಮೈಸೂರಿಗೆ ಹೋಗ್ತೆ ಅಂದಾಗ ಅಪ್ಪನ ಹತ್ರ ದುಡ್ಡಿತ್ತಾ?"

ಅಮ್ಮ ಹಳೇ ಸೀರೆ ಮಡಿಸುತ್ತಾ ತಲೆ ಎತ್ತದೆ ಅಂದಳು. "ಇತ್ತು. ಆವತ್ತು ರಾತ್ರಿಯೇ ನಂಗೆ ಹೇಳಿದ್ರು. ಸುಳ್ಳು ಹೇಳ್ದೆ ಅಂತ ಉಂಡೂ ಇರ್ಲಿಲ್ಲ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಅವ್ರು ಹೇಳ್ಬೇಕಾದ ಮಾತು ನಾ ಯಾಕೆ ಹೇಳ್ಲಿ?"

ಅಲ್ಲಿಗೆ ಅದು ಮಾತ್ರೆ ಕಟ್ಟಿದ ಕಥೆ ಅಲ್ಲ. ಅಪ್ಪನೊಳಗೆ ಹದಿನೆಂಟು ವರ್ಷದಿಂದ ಇದ್ದದ್ದೇ. ಮಾತ್ರೆ ಇಲ್ಲದಿದ್ದರೆ ಬರ್ತಿತ್ತಾ? ಬಹುಶಃ ಇಲ್ಲ. ಪದಗಳೇ ಇರ್ತಿರಲಿಲ್ಲ ಅನ್ನೋದು ಒಂದು. ಇದ್ದಿದ್ದರೂ ಅಪ್ಪ ಹೇಳುವವನಲ್ಲ ಅನ್ನೋದು ಇನ್ನೊಂದು. ರಕ್ತನಾಳದ ಬೇಲಿ ಬಿಗಿಮಾಡಿದ ಅದೇ ಔಷಧಿ ಬೇರೊಂದು ಕಡೆ ಗಳ ಸರಿಸಿತ್ತು. ತಮ್ಮನ ಮಾತಿನಲ್ಲೂ ಅರ್ಧ ನಿಜ ಇತ್ತು, ನನ್ನ ಮಾತಿನಲ್ಲೂ. ಯಾವ ಅಪ್ಪ ಅಸಲಿ ಅಂತ ನಾವಿಬ್ಬರೂ ಕಿತ್ತಾಡಿದ್ದಕ್ಕೆ ಈಗ ಅರ್ಥ ಕಾಣೋದಿಲ್ಲ. ಕೋಳಿಯ ಹೊಟ್ಟೆಯ ಆ ರಕ್ತನಾಳವನ್ನು ನೀನು ಅಸಲಿಗೆ ಬಿಗಿಯೋ ಸಡಿಲವೋ ಅಂತ ಕೇಳಿದ ಹಾಗೆ.

ಒಂದೇ ಒಂದು ಉಳಿದಿದೆ. ಆ ರಾತ್ರಿ ನಾನು ಅವಲಕ್ಕಿ ಹಾಕಿಕೊಟ್ಟೆ, ಅಷ್ಟೇ. ಇರಲಿ ಬಿಡಪ್ಪಾ ಅಂತ ಹೇಳಲಿಲ್ಲ. ಐದು ವಾರ ಸಿಕ್ಕಿತ್ತು. ಮುಂದೆ ಹಾಕಿದೆ.

ಮಾತ್ರೆ ಶೀಟು ಬಿಸಾಕಿದೆ. ಫಿಲಮ್ಮು ವಾಪಸ್ ಲಕೋಟೆಗೆ ಹಾಕಿ ಬೀರುವಿನಲ್ಲೇ ಇಟ್ಟೆ. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ. ಹೊರಗೆ ತಮ್ಮ ಈ ವರ್ಷದ ಬೇಲಿ ಕೆಲಸಕ್ಕೆ ಬಂದ ಆಳುಗಳ ಜೊತೆ ಗೂಟ ಎಣಿಸುತ್ತಿದ್ದ. ಹೋಗಿ ಅವನ ಜೊತೆ ನಿಂತುಕೊಂಡೆ.